ದಿನವಿಶೇಷದ ಪಟ್ಟಿ ತಪ್ಪಿಲ್ಲದೆ ಸಿದ್ಧಪಡಿಸುವುದು ಹೇಗೆ? ನವೆಂಬರ್ 1ನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯ ಫಲಕಕ್ಕೆ, ಸಂಘದ ವಾಟ್ಸ್ಆ್ಯಪ್ ಗುಂಪಿಗೆ, ಊರಿನ ಪತ್ರಿಕೆಗೆ 'ಇತಿಹಾಸದಲ್ಲಿ ಈ ದಿನ' ಎಂದು ಪಟ್ಟಿ ಮಾಡುವವರು ಪ್ರತಿ ನವೆಂಬರ್ 1ಕ್ಕೂ ಅವೇ ಕಡೆ ಎಡವುತ್ತಾರೆ. 1956ರಲ್ಲಿ ಕರ್ನಾಟಕ ಎಂದು ಹೆಸರಿಡಲಾಯಿತು ಎಂದು ಒಬ್ಬರು ಬರೆಯುತ್ತಾರೆ. ಬಳ್ಳಾರಿ ಮೈಸೂರಿಗೆ ಸೇರಿದ್ದೂ ಅದೇ ದಿನ ಎಂದು ಇನ್ನೊಬ್ಬರು. ರಾಹುಲ್ ದ್ರಾವಿಡ್ ಅವರಿಗೆ ಅಂದು ಹುಟ್ಟುಹಬ್ಬದ ಶುಭಾಶಯ ಹೇಳುವ ಪಟ್ಟಿಯೂ ಬರುತ್ತದೆ. ಮೂರೂ ತಪ್ಪು.

ಇವರು ಓದದವರೇನಲ್ಲ. ಕೆಲಸ ತಲೆಕೆಳಗಾಗಿ ಶುರುವಾಗುತ್ತದೆ, ಅಷ್ಟೆ. ಮೊದಲು ದಿನಾಂಕ ಹಿಡಿದು, ಆಮೇಲೆ ಅದಕ್ಕೊಂದು ವಾಕ್ಯ ಹೊಂದಿಸುತ್ತಾರೆ. ಮೊದಲು ತಿಳಿಯಬೇಕಾದ್ದು ಅಂದು ನಡೆದ ಕ್ರಿಯೆ ಯಾವುದು ಎಂಬುದು: ಸಹಿಯೋ, ಅಂಕಿತವೋ, ಜಾರಿಯೋ, ಘೋಷಣೆಯೋ. ದಿನಾಂಕ ಆ ಕ್ರಿಯೆಗೆ ಅಂಟಿಕೊಂಡಿರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಕೈಯಲ್ಲಿ ಇರಬೇಕಾದವು

ಒಂದು ಎಕ್ಸೆಲ್ ಹಾಳೆ, ಇಲ್ಲವೇ ಗೆರೆ ಎಳೆದ ಉದ್ದ ನೋಟ್‌ಬುಕ್. ಒಂಬತ್ತು ಅಂಕಣ ಸಾಕು: ವರ್ಷ, ತಿಂಗಳು, ದಿನ, ಕ್ರಿಯೆ, ಯಾರು ಅಥವಾ ಏನು, ಸ್ಥಳ, ವಾರ, ಮೊದಲ ಆಧಾರ, ಎರಡನೇ ಆಧಾರ. ವರ್ಷ, ತಿಂಗಳು, ದಿನ ಬೇರೆ ಬೇರೆ ಅಂಕಣದಲ್ಲೇ ಇರಲಿ. ಯಾಕೆಂಬುದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, 'ನವೆಂಬರ್' ಎಂದೇ ಬರೆಯಿರಿ.

ಜೊತೆಗೆ, ಯಾವ ವರ್ಷದ ಯಾವ ದಿನಕ್ಕೂ ವಾರ ತೋರಿಸುವ ನಿತ್ಯ ಕ್ಯಾಲೆಂಡರ್ ಒಂದು ಬೇಕು. ಕಾಯ್ದೆಗಳ ಮೂಲ ಪಾಠ ನೋಡಲು ಕೇಂದ್ರ ಸರ್ಕಾರದ 'ಇಂಡಿಯಾ ಕೋಡ್' ಜಾಲತಾಣ, ಜಿಲ್ಲೆಗಳ ವಿವರಕ್ಕೆ ರಾಜ್ಯ ಗೆಜೆಟಿಯರ್ ಸಂಪುಟಗಳು. ವಿಕಿಪೀಡಿಯ ಬೇಡ ಎಂದೇನಿಲ್ಲ. ಹುಡುಕಾಟ ಶುರುಮಾಡಲು ಒಳ್ಳೆಯದು, ಮುಗಿಸಲು ಸಾಲದು.

ಹಂತ 1: ಕಚ್ಚಾ ಪಟ್ಟಿ

ಪ್ರಕಟಿಸಬೇಕಾದ್ದು ಹತ್ತು ಸಾಲಾದರೆ ಕಚ್ಚಾ ಪಟ್ಟಿಯಲ್ಲಿ ಇಪ್ಪತ್ತೈದು ಮೂವತ್ತು ಇರಲಿ, ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉದುರುತ್ತವೆ. ಈ ಹಂತದಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ಚೆಂದದ ವಾಕ್ಯ ಒಮ್ಮೆ ಬರೆದರೆ ಅದನ್ನು ಅಳಿಸಲು ಮನಸ್ಸಾಗುವುದಿಲ್ಲ, ತಪ್ಪು ಅದರೊಳಗೇ ಅಡಗಿ ಕೂರುತ್ತದೆ.

ಹತ್ತು ಜಾಲತಾಣಗಳು ಒಂದೇ ಮಾತು ಹೇಳಿದರೆ ಹತ್ತು ಆಧಾರ ಸಿಕ್ಕಿತು ಎಂದು ಲೆಕ್ಕ ಹಾಕಬೇಡಿ. ವಾಕ್ಯದ ಪದಗಳೂ ಒಂದೇ ಥರ ಇದ್ದರೆ ಎಲ್ಲವೂ ಒಂದೇ ಕಡೆಯಿಂದ ನಕಲಾಗಿವೆ. ಆಗ ಆಧಾರ ಒಂದೇ.

ಹಂತ 2: ಕ್ರಿಯೆಯನ್ನು ಖಚಿತಪಡಿಸಿಕೊಳ್ಳುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಪ್ರತಿ ಸಾಲಿಗೂ ಕೇಳಿಕೊಳ್ಳಿ: ಆ ದಿನ ಸೂರ್ಯ ಮುಳುಗುವುದರೊಳಗೆ ಯಾವುದು ಬದಲಾಯಿತು?

ನಮ್ಮ ರಾಜ್ಯದ್ದನ್ನೇ ನೋಡಿ. ರಾಜ್ಯ ಪುನರ್‌ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಅದರಂತೆ ರಾಜ್ಯಗಳು ರೂಪುಗೊಂಡದ್ದು ನವೆಂಬರ್ 1ರಂದು. ಹೊಸ ರಾಜ್ಯದ ಹೆಸರು ಆಗಲೂ ಮೈಸೂರು. ಎಸ್. ನಿಜಲಿಂಗಪ್ಪ ಅಂದು ಮುಖ್ಯಮಂತ್ರಿಯಾದರು, ಅಲ್ಲಿಯವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ರಾಜ್ಯಪಾಲರಾದರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಹಾಗಾಗಿ ಇವು ಎರಡು ಸಾಲು, ಎರಡು ಕ್ರಿಯೆ. ಒಂದೇ ಸಾಲಿಗೆ ತುರುಕಿದವರೇ '1956ರಲ್ಲಿ ಕರ್ನಾಟಕ ನಾಮಕರಣ' ಎಂದು ಬರೆಯುವವರು.

ಪ್ರದೇಶಗಳ ಹೆಸರು ಬರೆಯುವಾಗಲೂ ಎಚ್ಚರ ಬೇಕು. 1956ರಲ್ಲಿ ಸೇರಿದವು ಮುಂಬಯಿ ರಾಜ್ಯದಿಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಬೀದರ್, ಗುಲ್ಬರ್ಗ, ರಾಯಚೂರು. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ತಾಲ್ಲೂಕು. ಇವುಗಳ ಜೊತೆಗೆ ಕೊಡಗು. 'ಜಿಲ್ಲೆಗಳು ಸೇರಿದವು' ಎಂದಷ್ಟೇ ಬರೆದರೆ ಗಡಿಯಲ್ಲಿ ತಪ್ಪಾಗುತ್ತದೆ: ಬೆಳಗಾವಿಯ ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು, ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಬಳ್ಳಾರಿ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದೇ ಮೈಸೂರಿಗೆ ಸೇರಿತ್ತು.

ಅದೇ 1953ರ ಅಕ್ಟೋಬರ್ 1ರಂದು ಹುಟ್ಟಿದ್ದು ಆಂಧ್ರ ರಾಜ್ಯ. ಆಂಧ್ರಪ್ರದೇಶ ಹುಟ್ಟಿದ್ದು 1956ರ ನವೆಂಬರ್ 1ರಂದು. ಒಂದು ಪದದ ವ್ಯತ್ಯಾಸದ ಹಿಂದೆ ಮೂರು ವರ್ಷವಿದೆ. ಕೇರಳ, ಮಧ್ಯಪ್ರದೇಶಗಳೂ ಅಂದೇ ರೂಪುಗೊಂಡವು. ಹರಿಯಾಣ 1966ರ ನವೆಂಬರ್ 1ರದ್ದು. ಛತ್ತೀಸ್‌ಗಢ 2000ದ ನವೆಂಬರ್ 1ರದ್ದು. ಉತ್ತರಾಖಂಡ, ಜಾರ್ಖಂಡ್‌ಗಳನ್ನೂ ಅದೇ ದಿನಕ್ಕೆ ಸೇರಿಸುವ ಅಭ್ಯಾಸ ಕೆಲವರಿಗಿದೆ, ಆದರೆ ಅವು ಅದೇ ತಿಂಗಳ 9 ಮತ್ತು 15ರವು.

ಹೊರಗಿನ ಘಟನೆಗಳಿಗೂ ಇದೇ ಪರೀಕ್ಷೆ. ಐರೋಪ್ಯ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿಯಾದದ್ದು 1992ರ ಫೆಬ್ರವರಿ 7ರಂದು, ಜಾರಿಯಾದದ್ದು 1993ರ ನವೆಂಬರ್ 1ರಂದು. 'ಸಹಿ' ಎಂದು ಬರೆದು ನವೆಂಬರ್ 1ಕ್ಕೆ ಹಾಕಿದರೆ ಅರ್ಧ ಸತ್ಯವೂ ಉಳಿಯುವುದಿಲ್ಲ. ಪುದುಚೇರಿಯದು ಇನ್ನೂ ಸೂಕ್ಷ್ಮ. 1954ರ ನವೆಂಬರ್ 1ರಂದು ಫ್ರೆಂಚರಿಂದ ಆಡಳಿತ ಭಾರತದ ಕೈಗೆ ಬಂತು. ಕಾನೂನಿನ ಪ್ರಕಾರ ಹಸ್ತಾಂತರ ಪೂರ್ತಿಯಾದದ್ದು 1962ರ ಆಗಸ್ಟ್ 16ರಂದು. ನವೆಂಬರ್ 1ರ ಸಾಲಿನಲ್ಲಿ 'ಆಡಳಿತ' ಎಂಬ ಪದ ಇರಲೇಬೇಕು. 1858ರದೂ ಹಾಗೆಯೇ: ಕಂಪನಿಯ ಆಳ್ವಿಕೆ ಕೊನೆಗೊಳಿಸುವ ಕಾಯ್ದೆ ಆಗಸ್ಟ್ 2ರದ್ದು, ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಅಲಹಾಬಾದಿನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ಓದಿದ್ದು ನವೆಂಬರ್ 1ರಂದು.

ಎಚ್ಚರಿಕೆಯ ಗುರುತು: 'ಉದಯವಾಯಿತು', 'ಅಸ್ತಿತ್ವಕ್ಕೆ ಬಂತು', 'ಇತಿಹಾಸ ನಿರ್ಮಾಣವಾಯಿತು' ಎಂಬಂಥ ಪದ ಕಂಡರೆ ಅಲ್ಲೇ ನಿಲ್ಲಿ. ಬರೆದವರಿಗೆ ನಿಜವಾದ ಕ್ರಿಯೆ ಗೊತ್ತಿರಲಿಲ್ಲ ಎಂದೇ ಬಹುಪಾಲು ಅರ್ಥ.

ಹಂತ 3: 1/11 ಮತ್ತು 11/1ರ ಗೊಂದಲ

ದ್ರಾವಿಡ್ ನವೆಂಬರ್ 1ರ ಪಟ್ಟಿಗೆ ನುಸುಳುವುದು ಹೀಗೆ. ಅವರು ಹುಟ್ಟಿದ್ದು 1973ರ ಜನವರಿ 11ರಂದು, ಇಂದೋರ್‌ನಲ್ಲಿ. ನಾವು 11/1/1973 ಎಂದು ಬರೆದದ್ದನ್ನು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ ನವೆಂಬರ್ 1 ಎಂದು ಓದುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅವರದು 1/11/1973. ಅವರು ತಿರುಗುಮುರುಗಾಗಿ ಜನವರಿ 11ಕ್ಕೆ ಹೋಗುತ್ತಾರೆ. ವರ್ಷವೂ ಒಂದೇ ಆಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತಾಷ್ಕೆಂಟಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡದ್ದೂ 1966ರ ಜನವರಿ 11ರಂದು, ಅದೂ ಇದೇ ದಾರಿಯಲ್ಲಿ ನವೆಂಬರ್‌ಗೆ ಬರಬಹುದು.

ಈ ಅಪಾಯ ಇರುವುದು ತಾರೀಖು 12ರ ಒಳಗಿದ್ದಾಗ ಮಾತ್ರ. 13ರಿಂದ ಮುಂದಿನ ತಾರೀಖನ್ನು ಕಂಪ್ಯೂಟರ್ ತಿಂಗಳೆಂದು ಓದಲಾರದು. ಆದ್ದರಿಂದ ತಿಂಗಳ ಮೊದಲ ಹನ್ನೆರಡು ದಿನಗಳ ಯಾವ ಪಟ್ಟಿ ಮಾಡಿದರೂ ಕನ್ನಡಿ ದಿನಾಂಕವನ್ನು ಒಮ್ಮೆ ತೆರೆದು ನೋಡಿ. ಎರಡೂ ದಿನದ ಪಟ್ಟಿಯಲ್ಲಿ ಒಂದೇ ಹೆಸರು, ಒಂದೇ ವರ್ಷ ಕಂಡರೆ ಒಂದು ಖಂಡಿತ ತಪ್ಪು. (1/1, 2/2ರಂಥ ದಿನಗಳಿಗೆ ಈ ಕಾಟ ಇಲ್ಲ.)

ಎಕ್ಸೆಲ್‌ನಲ್ಲಿ ಇನ್ನೊಂದು ತೊಡಕಿದೆ. 1900ಕ್ಕೂ ಹಿಂದಿನದನ್ನು ಅದು ದಿನಾಂಕವೆಂದೇ ಒಪ್ಪುವುದಿಲ್ಲ, ಬರೀ ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ವಿಂಗಡಿಸಿದಾಗ 1755, 1858ರ ಸಾಲುಗಳು ಪಟ್ಟಿಯ ತಳಕ್ಕೆ ಹೋಗಿ ಕೂರುವುದು ಇದರಿಂದಲೇ. ವರ್ಷವನ್ನು ಪ್ರತ್ಯೇಕ ಅಂಕಣದಲ್ಲಿ ಇಟ್ಟಿದ್ದರೆ ಈ ತೊಂದರೆ ಬರುವುದಿಲ್ಲ.

ಹಂತ 4: ಯಾವ ಪಂಚಾಂಗ?

1582ಕ್ಕೂ ಹಿಂದಿನ ಯುರೋಪಿನ ಘಟನೆಗಳನ್ನು ಇತಿಹಾಸಕಾರರು ಹಳೆಯ ಜೂಲಿಯನ್ ಕ್ರಮದಲ್ಲೇ ಬಿಡುತ್ತಾರೆ, ನೀವೂ ಮುಟ್ಟಬೇಡಿ. 1582ರ ಅಕ್ಟೋಬರ್‌ನಲ್ಲಿ ನಾವು ಇಂದು ಬಳಸುವ ಹೊಸ ಕ್ರಮ, ಅಂದರೆ ಗ್ರೆಗೋರಿಯನ್ ಕ್ಯಾಲೆಂಡರ್ ಬಂತು. ಒಂದೊಂದು ದೇಶ ಒಂದೊಂದು ಕಾಲಕ್ಕೆ ಅದಕ್ಕೆ ಬದಲಾದ್ದರಿಂದ ಅಲ್ಲಿಂದ ಮುಂದೆ ದೇಶಕ್ಕೊಂದು ಲೆಕ್ಕ. ಹಳೆಯ ಕ್ರಮದ ದಿನಾಂಕ ಸಿಕ್ಕರೆ ಕೂಡಿಸಬೇಕಾದ ದಿನಗಳು ಇವು: 1700ರ ಫೆಬ್ರವರಿ ಕೊನೆಯವರೆಗೆ 10, ಅಲ್ಲಿಂದ 1800ರ ಫೆಬ್ರವರಿಯವರೆಗೆ 11, 1900ರ ಫೆಬ್ರವರಿಯವರೆಗೆ 12, ಆಮೇಲೆ 13.

ಬ್ರಿಟನ್ ಬದಲಾದದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಅಲ್ಲಿಯವರೆಗೆ ಇಂಗ್ಲೆಂಡಿನ ಕಾನೂನು ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗಿನ ದಾಖಲೆಗಳಲ್ಲಿ ವರ್ಷವೂ ಒಂದು ಹಿಂದೆ ಇರಬಹುದು. ನಮ್ಮ ಕರಾವಳಿಯ ಇತಿಹಾಸ ಬರೆಯುವವರಿಗೆ ಇದು ನೇರವಾಗಿ ತಾಗುತ್ತದೆ: ಪೋರ್ಚುಗೀಸರ ಕಾಗದಗಳಲ್ಲಿ ಹೊಸ ಕ್ರಮ, ಅದೇ ಕಾಲದ ಇಂಗ್ಲಿಷ್ ಕಂಪನಿಯ ಕಾಗದಗಳಲ್ಲಿ ಹಳೆಯದು. ಒಂದೇ ಘಟನೆಗೆ ಎರಡು ಕಡೆ ಹತ್ತು ಹನ್ನೊಂದು ದಿನಗಳ ಅಂತರ ಕಂಡರೆ ಕಾರಣ ಬಹುತೇಕ ಇದೇ.

ರಷ್ಯಾ 1918ರವರೆಗೂ ಹಳೆಯದನ್ನೇ ಹಿಡಿದಿತ್ತು. ಅಲ್ಲಿನ ದಾಖಲೆಯಲ್ಲಿ 1880ರ ಅಕ್ಟೋಬರ್ 20 ಎಂದಿದ್ದರೆ ಅದು ನಮ್ಮ ನವೆಂಬರ್ 1. 1910ರದ್ದಾದರೆ ಅಕ್ಟೋಬರ್ 19 ನಮ್ಮ ನವೆಂಬರ್ 1 ಆಗುತ್ತದೆ. 'ಅಕ್ಟೋಬರ್ ಕ್ರಾಂತಿ'ಯ ದಿನ ನವೆಂಬರ್ 7 ಆಗಿರುವುದು ಈ ಹದಿಮೂರು ದಿನಗಳಿಂದ. ಲಿಸ್ಬನ್ ಭೂಕಂಪಕ್ಕೆ, ಅಂದರೆ 1755ರ ನವೆಂಬರ್ 1ಕ್ಕೆ, ಏನೂ ಕೂಡಿಸಬೇಡಿ. ಪೋರ್ಚುಗಲ್ 1582ರಲ್ಲೇ ಬದಲಾಗಿತ್ತು. ಬೇಡದ ಕಡೆ ಕೂಡಿಸುವುದು, ಕೂಡಿಸಬೇಕಾದಲ್ಲಿ ಮರೆಯುವಷ್ಟೇ ಸಾಮಾನ್ಯ ತಪ್ಪು.

ಹಂತ 5: ಯಾರ ಗಡಿಯಾರ?

1952ರ ನವೆಂಬರ್ 1ರ ಬೆಳಿಗ್ಗೆ 7.15ಕ್ಕೆ ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಅಮೆರಿಕ ತನ್ನ ಮೊದಲ ಪೂರ್ಣ ಪ್ರಮಾಣದ ಹೈಡ್ರೋಜನ್ ಬಾಂಬ್ ಸಾಧನವನ್ನು ಸಿಡಿಸಿತು. ಗ್ರೀನಿಚ್‌ನಲ್ಲಿ ಆಗಿನ್ನೂ ಅಕ್ಟೋಬರ್ 31ರ ಸಂಜೆ 7.15. ಭಾರತದಲ್ಲಿ ನವೆಂಬರ್ 1ರ ನಡುರಾತ್ರಿ ಕಳೆದು 12.45. ಒಂದು ಪುಸ್ತಕದಲ್ಲಿ 31, ಇನ್ನೊಂದರಲ್ಲಿ 1 ಎಂದಿದ್ದರೆ ಎರಡೂ ಸರಿ ಇರಬಹುದು. ನಿಯಮ ಒಂದೇ: ಘಟನೆ ನಡೆದ ಜಾಗದ ಗಡಿಯಾರ. ಚಂದ್ರನ ಮೇಲಿನ ಮೊದಲ ಹೆಜ್ಜೆಯಂಥ, ಭೂಮಿಯ ಮೇಲೆ ಜಾಗವೇ ಇಲ್ಲದ ಘಟನೆಗಳಿಗೆ ಯಾವ ಕಾಲಮಾನ ಎಂದು ಸಾಲಿನಲ್ಲೇ ಹೇಳಿ; 1969ರ ಜುಲೈ 20 ಅಮೆರಿಕದವರ ದಿನ, ಭಾರತದಲ್ಲಿ ಆಗ 21ರ ಬೆಳಿಗ್ಗೆ.

ರಾತ್ರಿ ಉದ್ದಕ್ಕೂ ನಡೆದದ್ದಾದರೆ ಎರಡೂ ತಾರೀಖು ಕೊಡಿ. ಭೋಪಾಲ್ ಅನಿಲ ದುರಂತವನ್ನು '1984ರ ಡಿಸೆಂಬರ್ 2-3ರ ರಾತ್ರಿ' ಎಂದೇ ಬರೆಯಬೇಕು.

ಹಳೆಯ ದಿನಪತ್ರಿಕೆ ನೋಡಿ ದಿನಾಂಕ ತೆಗೆಯುವವರಿಗೆ ಒಂದು ಮಾತು: ನವೆಂಬರ್ 1ರ ಪತ್ರಿಕೆಯಲ್ಲಿ ಇರುವುದು ಅಕ್ಟೋಬರ್ 31ರ ಸುದ್ದಿ. ಸುದ್ದಿಯ ತಲೆಯಲ್ಲಿ ಊರಿನ ಹೆಸರಿನ ಪಕ್ಕ ಇರುವ ತಾರೀಖನ್ನು ಓದಿ, ಪುಟದ ಮೇಲಿನದನ್ನಲ್ಲ.

ಹಂತ 6: ಜನ್ಮದಿನಗಳು

ಘಟನೆಗಳಿಗಿಂತ ಜನ್ಮದಿನಗಳಲ್ಲಿ ತಪ್ಪು ಹೆಚ್ಚು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1, ಜುಲೈ 1ರಂಥ ತಾರೀಖುಗಳು ದಾಖಲೆಯಲ್ಲಿ ಹಾಗೇ ಉಳಿದುಬಿಟ್ಟಿರುತ್ತವೆ. ಆ ದಿನಗಳ ಪಟ್ಟಿ ಅನುಮಾನ ಬರುವಷ್ಟು ಉದ್ದವಾಗಿರುವುದು ಇದರಿಂದಲೇ. ಅಂಥವರ ಆತ್ಮಕಥೆ ಇದ್ದರೆ ಮೊದಲು ಅದನ್ನು ನೋಡಿ.

ಜಾತಕದಿಂದ ತೆಗೆದ ದಿನಾಂಕವಾದರೆ ಹುಟ್ಟಿದ ಹೊತ್ತನ್ನು ಕೇಳಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗುರುವಾರ ಕಳೆದು ಬೆಳಗಿನ ಜಾವ 3ಕ್ಕೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಗುರುವಾರವೇ, ಕ್ಯಾಲೆಂಡರಿನಲ್ಲಿ ಶುಕ್ರವಾರ.

ದಿನ ಸರಿಯಿದ್ದು ವರ್ಷ ಅಲುಗಾಡುವುದೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರದು ಸೆಪ್ಟೆಂಬರ್ 15 ಎಂಬುದರಲ್ಲಿ ಗೊಂದಲವಿಲ್ಲ, ವರ್ಷ ಮಾತ್ರ ಒಂದೆಡೆ 1860, ಇನ್ನೊಂದೆಡೆ 1861. ಇಂಥಲ್ಲಿ ದಿನವನ್ನು ಉಳಿಸಿಕೊಂಡು 'ಇಷ್ಟನೇ ಜಯಂತಿ' ಎಂಬ ಲೆಕ್ಕವನ್ನು ಬಿಟ್ಟುಬಿಡಿ.

ಪದಗಳು: ಬದುಕಿರುವವರಿಗೆ ಹುಟ್ಟುಹಬ್ಬ ಅಥವಾ ಜನ್ಮದಿನ, ತೀರಿಕೊಂಡವರಿಗೆ ಜಯಂತಿ ಅಥವಾ ಜನ್ಮದಿನ. ಹಿಂದಿನ ವರ್ಷದ ಪಟ್ಟಿಯನ್ನೇ ಹಾಕುವವರು ತೀರಿಹೋದವರಿಗೆ 'ನೂರ್ಕಾಲ ಬಾಳಿ' ಎಂದು ಹಾರೈಸಿಬಿಡುತ್ತಾರೆ. ಪ್ರತಿ ಹೆಸರನ್ನೂ ಪ್ರಕಟಣೆಯ ಹಿಂದಿನ ಸಂಜೆ ಒಮ್ಮೆ ಹುಡುಕಿ ನೋಡುವುದಕ್ಕೆ ಐದು ನಿಮಿಷ ಸಾಕು.

ನವೆಂಬರ್ 1ಕ್ಕೆ ನಿಶ್ಚಿಂತೆಯಿಂದ ಹಾಕಬಹುದಾದ ಕೆಲವು ಹೆಸರು: ಖಂಡಗಳ ಚಲನೆಯ ಸಿದ್ಧಾಂತ ಮಂಡಿಸಿದ ಆಲ್‌ಫ್ರೆಡ್ ವೆಗೆನರ್ (1880, ಬರ್ಲಿನ್), ಗಾಲ್ಫ್ ಆಟಗಾರ ಗ್ಯಾರಿ ಪ್ಲೇಯರ್ (1935), ಆ್ಯಪಲ್ ಕಂಪನಿಯ ಟಿಮ್ ಕುಕ್ (1960), ಐಶ್ವರ್ಯಾ ರೈ (1973), ವಿ.ವಿ.ಎಸ್. ಲಕ್ಷ್ಮಣ್ (1974).

ಹಂತ 7: ತಿಥಿಯವನ್ನು ಬೇರೆ ಇಡುವುದು

ಬಸವ ಜಯಂತಿ ವೈಶಾಖ ಶುದ್ಧ ತದಿಗೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆ. ಇವು ವರ್ಷವರ್ಷಕ್ಕೆ ಸರಿಯುತ್ತವೆ. ಒಂದು ವರ್ಷದ ತಾರೀಖನ್ನು ಖಾಯಂ ಪಟ್ಟಿಗೆ ಹಾಕಿದರೆ ಮರುವರ್ಷವೇ ತಪ್ಪು. ಹಬ್ಬ, ತಿಥಿ ಜಯಂತಿಗಳಿಗೆ ಪ್ರತ್ಯೇಕ ಹಾಳೆ ಇಟ್ಟು ಆಯಾ ವರ್ಷದ ಪಂಚಾಂಗ ನೋಡಿ ತುಂಬಿ. ಕ್ರೈಸ್ತರ ಸಕಲ ಸಂತರ ಹಬ್ಬದಂತೆ ನವೆಂಬರ್ 1ಕ್ಕೇ ನಿಂತಿರುವವು ಮಾತ್ರ ಮೂಲ ಪಟ್ಟಿಯಲ್ಲಿರಲಿ.

ಹಂತ 8: ವಾರದ ಪರೀಕ್ಷೆ

ಹೆಚ್ಚಿನವರು ಬಿಟ್ಟುಬಿಡುವ, ಆದರೆ ಬಹಳ ಉಪಯೋಗದ ಹಂತ ಇದು. ಪ್ರತಿ ಸಾಲಿನ ವಾರವನ್ನು ನಿತ್ಯ ಕ್ಯಾಲೆಂಡರಿನಿಂದ ತೆಗೆದು, ಆಧಾರದಲ್ಲಿ ಹೇಳಿದ ವಾರದ ಜೊತೆ ಹೋಲಿಸಿ. 1755ರ ನವೆಂಬರ್ 1 ಶನಿವಾರ, 1858ರದು ಸೋಮವಾರ, 1956 ಮತ್ತು 1973ರವು ಎರಡೂ ಗುರುವಾರ. ನಿಮ್ಮ ಆಧಾರ 1956ರ ನವೆಂಬರ್ 1ನ್ನು ಬುಧವಾರ ಎಂದರೆ ಅಲ್ಲಿ ದಿನವೋ ವರ್ಷವೋ ಜಾರಿದೆ. ಹಳೆಯ ಪಂಚಾಂಗದ ದಿನಾಂಕಕ್ಕೆ ಹೊಸದರ ವಾರ ಹೊಂದಿಸಲು ಹೋಗಬೇಡಿ. ಮೊದಲು ಹಂತ 4 ಮುಗಿದಿರಬೇಕು.

ಹಂತ 9: ಸಾಲು ಬರೆಯುವುದು ಮತ್ತು ವರ್ಷದ ಲೆಕ್ಕ

ಈಗ ವಾಕ್ಯ ಬರೆಯಿರಿ. ಕ್ರಮ: ವರ್ಷ, ಜಾಗ, ಯಾರು, ಕ್ರಿಯೆ. ಹನ್ನೆರಡು ಹದಿನೈದು ಪದ ಮೀರದಿರಲಿ. ನಮೂನೆಗೆ:

1913: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಗದರ್' ಪತ್ರಿಕೆಯ ಮೊದಲ ಸಂಚಿಕೆ ಉರ್ದುವಿನಲ್ಲಿ ಪ್ರಕಟವಾಯಿತು.

1954: ಪುದುಚೇರಿಯ ಆಡಳಿತ ಫ್ರಾನ್ಸಿನಿಂದ ಭಾರತಕ್ಕೆ ಬಂತು.

1973: ಮೈಸೂರು ರಾಜ್ಯದ ಹೆಸರು ಕರ್ನಾಟಕ ಎಂದು ಬದಲಾಯಿತು.

1973: ಲಕ್ಕದೀವ, ಮಿನಿಕಾಯ್, ಅಮೀನ್‌ದೀವಿ ದ್ವೀಪಗಳಿಗೆ ಲಕ್ಷದ್ವೀಪ ಎಂಬ ಹೆಸರು ಬಂತು.

2022: ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ 'ಕರ್ನಾಟಕ ರತ್ನ' ನೀಡಲಾಯಿತು.

ಲಕ್ಷದ್ವೀಪದ ಸಾಲನ್ನು ನಮ್ಮವರು ಬಿಟ್ಟುಬಿಡುವುದೇ ಹೆಚ್ಚು. ಅಮೀನ್‌ದೀವಿ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿತ್ತು. ಕರಾವಳಿಯ ಶಾಲೆಗಳ ಫಲಕದಲ್ಲಿ ಅದಕ್ಕೊಂದು ಜಾಗ ಸಲ್ಲಬೇಕು.

'ಎಷ್ಟನೇ' ಎಂಬ ಲೆಕ್ಕ ಕೊನೆಗೆ. ತುಂಬಿದ ವರ್ಷ ಬೇರೆ, ಆಚರಣೆಯ ಸಂಖ್ಯೆ ಬೇರೆ. 2024ರ ನವೆಂಬರ್ 1ಕ್ಕೆ ಏಕೀಕರಣವಾಗಿ 68 ವರ್ಷ ತುಂಬಿತು, ಆದರೆ ಆಚರಿಸಿದ್ದು 69ನೇ ರಾಜ್ಯೋತ್ಸವ. 1956ರದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಹೆಸರು ಬದಲಾವಣೆಯ ಐವತ್ತನ್ನು ಸರ್ಕಾರ 2023ರಲ್ಲಿ ಆಚರಿಸಿದ್ದು ತುಂಬಿದ ವರ್ಷದ ಲೆಕ್ಕದಲ್ಲಿ. ಎರಡು ಪದ್ಧತಿ ಒಂದೇ ಪಟ್ಟಿಯಲ್ಲಿ ಬಂದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ, ಹಾಗಾಗಿ 'ತುಂಬಿತು' ಅಥವಾ 'ನೇ' ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಹಂತ 10: ಕೊನೆಯ ಓದು, ಆಮೇಲಿನ ತಿದ್ದುಪಡಿ

ಪಟ್ಟಿ ಮಾಡಿದವರೇ ಕೊನೆಯ ಓದು ಓದಬಾರದು. ಬೇರೆಯವರಿಗೆ ಹಾಳೆಯ ಆಧಾರದ ಅಂಕಣಗಳನ್ನು ಮುಚ್ಚಿ ಕೊಡಿ. ಅವರು ಅನುಮಾನಪಟ್ಟ ಸಾಲುಗಳಿಗೆ ಎರಡೂ ಆಧಾರ ಮತ್ತೆ ತೆರೆದು ನೋಡಿ. ಎರಡನೇ ಆಧಾರ ಖಾಲಿ ಇರುವ ಸಾಲು ಎಷ್ಟೇ ಆಕರ್ಷಕವಾಗಿದ್ದರೂ ಈ ವರ್ಷ ಬೇಡ, ಹಾಳೆಯಲ್ಲಿ ಉಳಿಯಲಿ.

ಪ್ರಕಟಿಸಿದ ಮೇಲೆ ತಪ್ಪು ಸಿಕ್ಕರೆ ಹಳೆಯ ಸಂದೇಶ ಅಳಿಸಿ ಸುಮ್ಮನಾಗಬೇಡಿ, ಅದು ಆಗಲೇ ಹತ್ತು ಗುಂಪಿಗೆ ಹೋಗಿರುತ್ತದೆ. ಸರಿಯಾದ ಸಾಲನ್ನು ಅದೇ ದಿನ, ತಪ್ಪಾದದ್ದು ಯಾವುದು ಎಂದು ಹೇಳಿ ಮತ್ತೆ ಕಳಿಸಿ. ಹಾಳೆಯಲ್ಲೂ ತಪ್ಪು ಸಾಲನ್ನು ಅಳಿಸದೆ ಕೆಂಪು ಬಣ್ಣ ಹಚ್ಚಿ 'ಜನವರಿ 11, ನವೆಂಬರ್ ಅಲ್ಲ' ಎಂಬಂತೆ ಕಾರಣ ಬರೆದಿಡಿ. ಇಲ್ಲದಿದ್ದರೆ ಮುಂದಿನ ಅಕ್ಟೋಬರ್‌ನಲ್ಲಿ ಇನ್ಯಾರೋ ಅದೇ ಜಾಲತಾಣದಿಂದ ಅದನ್ನೇ ಮತ್ತೆ ತಂದು ಸೇರಿಸುತ್ತಾರೆ.